ಎರಡು ಕಿಲೋಮೀಟರ್ ದೂರದ ಆಪರೇಷನ್: ಮುಂಬೈ ಬಸ್ತಿಯೊಂದರಲ್ಲಿ ಶಸ್ತ್ರಚಿಕಿತ್ಸೆ ಎಷ್ಟು ಕೈಗೆಟುಕುತ್ತದೆ ಎಂದು ಅಳೆಯುವ ಸಮಗ್ರ ಮಾರ್ಗದರ್ಶಿ

ಧಾರಾವಿಯಲ್ಲಿ ನಮ್ಮ ಕಲಬುರಗಿ ಕಡೆಯವರು ಜಾಸ್ತಿ ಇರುವ ಗಲ್ಲಿಯಿಂದ ಸಯನ್ ಆಸ್ಪತ್ರೆಗೆ ನಡೆದೇ ಹೋಗಬಹುದು. ಆ ಗಲ್ಲಿಯ ಕಾಕಾ ಒಬ್ಬರು ಹರ್ನಿಯಾ ಆಪರೇಷನ್‌ಗೆ ರಾತ್ರಿ ರೈಲು ಹತ್ತಿ ಊರಿಗೆ ಹೋದರು. ಯಾಕೆ ಅಂತ ಕೇಳಿದೆ. "ಇಲ್ಲಿ ಡಾಕ್ಟರ್ ಚಲೋ ಇಲ್ಲಂತ ಅಲ್ರಿ ಅಕ್ಕಾ. ಇಲ್ಲಿ ಮಲಗಿದ್ರ ನೋಡೋರ್ ಯಾರು? ಊರಾಗಾದ್ರ ತಮ್ಮ ಅದಾನ, ಅವನ ಹೆಂಡ್ತಿ ಅದಾಳ" ಅಂದರು.

ನಕಾಶೆ ಇಟ್ಟುಕೊಂಡು ನೋಡಿದರೆ ಈ ಕಾಕಾನಿಗೆ ಶಸ್ತ್ರಚಿಕಿತ್ಸೆ ಪಕ್ಕದಲ್ಲೇ ಇದೆ. ಅವರು ಪಟ್ಟ ಪಾಡು ನೋಡಿದರೆ ಅದು ಒಂದು ರಾತ್ರಿ ಪ್ರಯಾಣದಷ್ಟು ದೂರ. ಅಳೆಯಬೇಕಾದದ್ದು ಇದನ್ನೇ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬಂದವರನ್ನು ಎಣಿಸಿದರೆ ಬಾರದೇ ಹೋದವರು ಸಿಗೋದೇ ಇಲ್ಲ.

ನಾನು ಹದಿನಾಲ್ಕು ವರ್ಷ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ಆಮೇಲೆ ಹುಡುಗ ಹುಡುಗಿಯರ ತಂಡ ಕಟ್ಟಿಕೊಂಡು ಕನ್ನಡಿಗರ ಬಸ್ತಿಗಳಲ್ಲಿ ಎರಡು ಸಲ ಸರ್ವೆ ಮಾಡಿದೆ. ಮೊದಲನೆಯದು ಕೆಟ್ಟಿತು. ಯಾಕೆ ಕೆಟ್ಟಿತು ಅನ್ನೋದೂ ಇಲ್ಲಿದೆ. ಸಮಾಜಕಾರ್ಯ ಓದುತ್ತಿರುವವರು, ನರ್ಸ್‌ಗಳು, ಕನ್ನಡ ಸಂಘಗಳ ಯುವಕರು ಯಾರು ಬೇಕಾದರೂ ಈ ಕೆಲಸ ಮಾಡಬಹುದು. ಮೂರು ತಿಂಗಳು ಮತ್ತು ಎಂಟು ಹತ್ತು ಜನ ಬೇಕು.

ಮೊದಲು ಅಳತೆಗೋಲು

ಅಳತೆಗೋಲು ನಾವು ಹೊಸದಾಗಿ ಮಾಡಬೇಕಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ 2015ರಲ್ಲಿ ವರದಿ ಕೊಟ್ಟಿತು. ಜಗತ್ತಿನಲ್ಲಿ 500 ಕೋಟಿ ಜನರಿಗೆ ಬೇಕಾದಾಗ ಸುರಕ್ಷಿತ, ಕೈಗೆಟುಕುವ ಆಪರೇಷನ್ ಸಿಗುವುದಿಲ್ಲ ಎಂದಿತು. ವರ್ಷಕ್ಕೆ ಇನ್ನೂ 14.3 ಕೋಟಿ ಆಪರೇಷನ್ ಆಗಬೇಕು ಎಂದೂ ಲೆಕ್ಕ ಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯೂ ತುರ್ತು ಮತ್ತು ಅಗತ್ಯ ಶಸ್ತ್ರಚಿಕಿತ್ಸೆಯನ್ನು ಬಲಪಡಿಸುವ ನಿರ್ಣಯ ಮಾಡಿತು.

ಆಯೋಗ ಆರು ಸೂಚಕ ಕೊಟ್ಟಿದೆ. 2030ರೊಳಗೆ ಕನಿಷ್ಠ ಶೇ 80 ಜನ ಎರಡು ಗಂಟೆಯೊಳಗೆ ಸರಿಯಾದ ಆಸ್ಪತ್ರೆ ಮುಟ್ಟುವಂತಿರಬೇಕು. ಒಂದು ಲಕ್ಷ ಜನಕ್ಕೆ ಸರ್ಜನ್, ಅರಿವಳಿಕೆ ಡಾಕ್ಟರ್, ಹೆರಿಗೆ ಡಾಕ್ಟರ್ ಸೇರಿ 20 ತಜ್ಞರು ಇರಬೇಕು. ಒಂದು ಲಕ್ಷ ಜನಕ್ಕೆ ವರ್ಷಕ್ಕೆ 5,000 ಆಪರೇಷನ್ ಆಗಬೇಕು. ಆಪರೇಷನ್ ಆದ ಮೇಲಿನ ಸಾವುಗಳ ಲೆಕ್ಕ ಇಡಬೇಕು. ಕೊನೆಯ ಎರಡೂ ದುಡ್ಡಿನವು: ಆಪರೇಷನ್ ಖರ್ಚಿನಿಂದ ಯಾರೂ ಬಡತನಕ್ಕೆ ಬೀಳಬಾರದು, ಯಾವ ಮನೆಯೂ ಖರ್ಚಿನ ಹೊಡೆತಕ್ಕೆ ಮುರಿಯಬಾರದು.

ಇವು ದೇಶದ ಮಟ್ಟಕ್ಕೆ ಹೊಲಿದ ಅಂಗಿ. ಒಂದು ಬಸ್ತಿಗೆ ಹಾಕಿದರೆ ಕೆಲವು ಕಡೆ ದೊಗಳೆ, ಕೆಲವು ಕಡೆ ಬಿಗಿ. ತಜ್ಞರ ಸಂಖ್ಯೆಯನ್ನು ಬಸ್ತಿ ಮಟ್ಟದಲ್ಲಿ ಎಣಿಸುವುದು ಬರೀ ಕಾಲಹರಣ, ಅದನ್ನು ಬಿಡಿ. ಒಬ್ಬರೇ ಅರಿವಳಿಕೆ ಡಾಕ್ಟರ್ ಬೆಳಗ್ಗೆ ಕುರ್ಲಾ, ಮಧ್ಯಾಹ್ನ ಚೆಂಬೂರು, ರಾತ್ರಿ ಘಾಟ್‌ಕೋಪರ್ ಅಂತ ಸ್ಕೂಟರಿನಲ್ಲಿ ನಾಲ್ಕು ನರ್ಸಿಂಗ್ ಹೋಂ ಸುತ್ತುತ್ತಾರೆ. ನಾಲ್ಕು ಬೋರ್ಡಿನ ಮೇಲೂ ಅವರ ಹೆಸರಿರುತ್ತದೆ. ಬೋರ್ಡು ಎಣಿಸಿದರೆ ನಾಲ್ಕು ಜನ ಆಗುತ್ತಾರೆ. ನಾವು ಹಿಡಿಯುವುದು ಸಮಯ, ಆಪರೇಷನ್ ಸಂಖ್ಯೆ, ಸುರಕ್ಷೆ, ದುಡ್ಡು ಇಷ್ಟನ್ನೇ.

ಹೆಜ್ಜೆ 1: ಗಡಿ ಹಾಕಿ, ಬಾಗಿಲು ಎಣಿಸಿ

ಎಲ್ಲಿಂದ ಎಲ್ಲಿಯವರೆಗೆ ನಿಮ್ಮ ಜಾಗ ಅಂತ ಮೊದಲೇ ಗೆರೆ ಹಾಕಿ. ಕಾಗದದ ಮೇಲೆ ಕೈಯಿಂದಲೇ ನಕಾಶೆ ಬರೆಯಿರಿ: ನಳ, ಶೌಚಾಲಯ, ಮಂದಿರ, ಹಿಟ್ಟಿನ ಗಿರಣಿ. ಆಮೇಲೆ ಗಲ್ಲಿ ಗಲ್ಲಿ ನಡೆದು ಬಾಗಿಲು ಎಣಿಸಿ. ಮಾಳಿಗೆಯ ಮೇಲೆ ಏಣಿ ಹತ್ತಿ ಹೋಗುವ ಖೋಲಿ (ಕೋಣೆ) ಬೇರೆ ಮನೆ, ಅದನ್ನು ಮರೆಯಬೇಡಿ.

ಎಷ್ಟು ಮನೆ ಕೇಳಬೇಕು? ಇದಕ್ಕೆ ಸೂತ್ರವಿದೆ. ಉತ್ತರ ಎಷ್ಟು ಬರುತ್ತದೋ ಗೊತ್ತಿಲ್ಲದಾಗ ಅರ್ಧ ಎಂದು ಹಿಡಿಯುತ್ತೇವೆ. ಶೇ 5 ಆಚೆ ಈಚೆ ಆದರೂ ಸರಿ ಅಂದರೆ 1.96 × 1.96 × 0.5 × 0.5 ÷ (0.05 × 0.05), ಅಂದರೆ 384. (1.96 ಅನ್ನುವುದು ನೂರರಲ್ಲಿ 95 ಸಲ ಲೆಕ್ಕ ಸರಿ ಬರಲಿ ಅಂತ ಹಿಡಿಯುವ ಅಂಕ.) ಒಂದೇ ಗಲ್ಲಿಯವರು ಒಂದೇ ಥರ ಇರುತ್ತಾರಲ್ಲ, ಅದಕ್ಕೆ ಒಂದೂವರೆ ಪಟ್ಟು ಮಾಡಿ: 576. ಹತ್ತರಲ್ಲಿ ಒಂದು ಮನೆಗೆ ಬೀಗ ಇರುತ್ತದೆ ಎಂದು ಹಿಡಿದರೆ 640. ಬಸ್ತಿಯಲ್ಲಿ 3,200 ಬಾಗಿಲಿದ್ದರೆ ಐದಕ್ಕೆ ಒಂದು. ಒಂದರಿಂದ ಐದರವರೆಗೆ ಚೀಟಿ ಬರೆದು ಯಾವುದಾದರೂ ಮಗುವಿನ ಕೈಯಲ್ಲಿ ಎತ್ತಿಸಿ. ಮೂರು ಬಂದರೆ ಮೂರನೇ ಬಾಗಿಲು, ಎಂಟನೇದು, ಹದಿಮೂರನೇದು, ಹೀಗೆ. "ಆ ಮನೆಯವರು ಒಳ್ಳೆಯವರು, ಮಾತಾಡ್ತಾರೆ" ಅಂತ ಪಕ್ಕದ ಬಾಗಿಲಿಗೆ ಹೋಗುವಂತಿಲ್ಲ. ಬೀಗ ಇದ್ದರೆ ಮೂರು ಸಲ ಹೋಗಿ, ಅದರಲ್ಲಿ ಒಂದು ಸಲವಾದರೂ ರಾತ್ರಿ ಒಂಬತ್ತರ ಮೇಲೆ.

ಇಲ್ಲಿ ಮುಂಬೈ ಕನ್ನಡಿಗರಿಗೇ ಅಂತ ಒಂದು ತೊಡಕಿದೆ. ನಮ್ಮಲ್ಲಿ ಬಹಳ ಜನಕ್ಕೆ ಬಾಗಿಲೇ ಇಲ್ಲ. ಉಡುಪಿ ಹೋಟೆಲಿನ ಹುಡುಗರು ಹೋಟೆಲಿನ ಅಟ್ಟದ ಮೇಲೆ ಮಲಗುತ್ತಾರೆ. ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ವಿಜಯಪುರದ ಸಂಸಾರಗಳು ಸೈಟಿನ ತಗಡಿನ ಶೆಡ್ಡಿನಲ್ಲಿರುತ್ತವೆ. ಮನೆ ಪಟ್ಟಿ ಮಾತ್ರ ಹಿಡಿದರೆ ಇವರೆಲ್ಲ ಜಾರಿ ಹೋಗುತ್ತಾರೆ. ಕೈ ಸುಟ್ಟುಕೊಳ್ಳುವವರು, ಮೇಲಿಂದ ಬಿದ್ದು ಕಾಲು ಮುರಿದುಕೊಳ್ಳುವವರು ಇವರೇ ಅಲ್ವಾ? ಹೋಟೆಲ್ ಮತ್ತು ಸೈಟುಗಳ ಪಟ್ಟಿ ಬೇರೆ ಮಾಡಿ, ಅದರಿಂದಲೂ ಚೀಟಿ ಎತ್ತಿ.

ಹೆಜ್ಜೆ 2: ಅನುಮತಿ ಪತ್ರ, ಮತ್ತು ಚೀಲದಲ್ಲೊಂದು ಚೀಟಿ

ಇದು ಜನರ ಮೈಯ ವಿಷಯ, ಆದ್ದರಿಂದ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದೆ. ಯಾವುದಾದರೂ ಕಾಲೇಜಿನ ಸಮಿತಿಯ ಮೂಲಕ ಹೋಗಿ. ಹೆಸರು ಬರೆಯಬೇಡಿ, ಮನೆಗೊಂದು ನಂಬರ್ ಸಾಕು. ಒಪ್ಪಿಗೆಯನ್ನು ಅವರ ಮಾತಿನಲ್ಲೇ ಓದಿ ಹೇಳಿ.

ಇನ್ನೊಂದು ಮಾತು. ನೀವು ಕೇಳುವಾಗ ಯಾರೋ ಒಬ್ಬರು ಸೆರಗು ಸರಿಸಿ ಎದೆಯ ಗಂಟು ತೋರಿಸುತ್ತಾರೆ. "ಬರೆದುಕೊಂಡೆ, ಬರ್ತೀನಿ" ಅಂತ ಎದ್ದು ಬರಲು ಆಗುತ್ತಾ? ಯಾವ ಆಸ್ಪತ್ರೆ, ಯಾವ ವಿಭಾಗ, ಯಾವ ದಿನ ಹೋಗಬೇಕು, ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಚೀಟಿ) ಎಲ್ಲಿ ಮಾಡಿಸಬೇಕು ಎಂದು ಅಚ್ಚು ಹಾಕಿಸಿದ ಚೀಟಿ ಚೀಲದಲ್ಲಿರಲಿ. ಸರ್ವೆ ಶುರುವಾಗುವ ಮೊದಲೇ ಆ ಆಸ್ಪತ್ರೆಯಲ್ಲಿ ಒಬ್ಬರೊಡನೆ ಮಾತಾಡಿಟ್ಟಿರಿ.

ಹೆಜ್ಜೆ 3: ಪ್ರಶ್ನೆ. ನಾವು ಎಡವಿದ್ದು ಇಲ್ಲೇ

ನಮ್ಮ ಮೊದಲ ಸರ್ವೆಯಲ್ಲಿ ಪ್ರಶ್ನೆ ಹೀಗಿತ್ತು: "ಕಳೆದ 12 ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯ ಅಗತ್ಯವಿತ್ತೇ?" ನೂರಾರು ಮನೆಗಳಲ್ಲಿ ಒಂದೇ ಉತ್ತರ: ಇಲ್ಲ. ನಾವು ಖುಷಿಪಟ್ಟೆವು. ಕೊನೆಯ ದಿನ ಚಹಾ ಕುಡಿಯುತ್ತಾ ಕೂತಿದ್ದಾಗ, ಆಗಷ್ಟೇ "ಇಲ್ಲ" ಅಂದಿದ್ದ ಹಮಾಲಿ ಅಣ್ಣ ಏಳುವಾಗ ಒಂದು ಕೈಯಿಂದ ತೊಡೆಸಂದಿ ಒತ್ತಿ ಹಿಡಿದ. ಏನಣ್ಣಾ ಅಂದೆ. ಲುಂಗಿಯ ಒಳಗೆ ಹಳೆ ಸೀರೆಯ ತುಂಡನ್ನು ಮಡಚಿ ಗಟ್ಟಿಯಾಗಿ ಕಟ್ಟಿಕೊಂಡಿದ್ದ. ಎರಡು ವರ್ಷದಿಂದ ಹಾಗೆಯೇ ಮೂಟೆ ಹೊರುತ್ತಿದ್ದ. "ಇದೇನು ರೋಗ ಅಲ್ರಿ, ಕೆಮ್ಮಿದಾಗ ಹೊರಗ ಬರತೈತಿ, ಮಲಗಿದ್ರ ಒಳಗ ಹೋಗತೈತಿ."

ಅದು ಹರ್ನಿಯಾ. ಆದರೆ ಅವನು ಸುಳ್ಳು ಹೇಳಿರಲಿಲ್ಲ. ಡಾಕ್ಟರ್ ಹೇಳುವವರೆಗೆ ಯಾರಿಗೂ "ಶಸ್ತ್ರಚಿಕಿತ್ಸೆಯ ಅಗತ್ಯ" ಇರುವುದಿಲ್ಲ. ಗಂಟು, ನೋವು, ಹುಣ್ಣು, ಮಂಜು ಕಣ್ಣು ಇರುತ್ತವೆ ಅಷ್ಟೇ. ಆ ಸರ್ವೆಯ ಕಾಗದವೆಲ್ಲ ರದ್ದಿಗೆ ಹೋಯಿತು.

ಎರಡನೇ ಸಲ ಮೈಯ ಭಾಗ ಹಿಡಿದು ಕೇಳಿದೆವು. ಸಿಯೆರಾ ಲಿಯೋನ್, ರುವಾಂಡಾ, ನೇಪಾಳ, ಉಗಾಂಡಾಗಳಲ್ಲಿ ನಡೆದ ಸೋಸಾಸ್ ಎಂಬ ಸರ್ವೆಯ ರೀತಿ ಇದು. ತಲೆ, ಮುಖ, ಕುತ್ತಿಗೆ ಒಂದು, ಎದೆ, ಬೆನ್ನು, ಹೊಟ್ಟೆ, ತೊಡೆಸಂದಿ ಮತ್ತು ಗುಪ್ತ ಭಾಗ, ಕೈಕಾಲು. ಒಂದೊಂದಕ್ಕೂ "ಇಲ್ಲಿ ಗಂಟು, ಗಾಯ, ಸುಟ್ಟದ್ದು, ವಾಸಿಯಾಗದ ಹುಣ್ಣು, ಹುಟ್ಟಿನಿಂದ ಬಂದ ಊನ, ಏನಾದರೂ ಇದೆಯಾ?" ಎಂಬ ಪ್ರಶ್ನೆ. ಇದೆ ಅಂದರೆ ಮುಂದಿನವು: ಯಾವಾಗಿನಿಂದ? ಕೆಲಸಕ್ಕೆ ಅಡ್ಡಿಯಾಗಿದೆಯಾ? ಯಾರಿಗಾದರೂ ತೋರಿಸಿದಿರಾ? ಅವರು ಏನಂದರು? ಮಾಡಿಸಿಲ್ಲ ಅಂದರೆ ಯಾಕೆ?

ಪದಗಳನ್ನು ಜನರ ಬಾಯಿಂದಲೇ ತೆಗೆದುಕೊಳ್ಳಿ. "ಪೊರೆ" ಅಂದರೆ ಕೆಲವರಿಗೆ ತಿಳಿಯುವುದಿಲ್ಲ, "ಮೋತಿಬಿಂದು" ಅಂದರೆ ತಕ್ಷಣ ತಿಳಿಯುತ್ತದೆ. "ಗರ್ಭಕೋಶ ಜಾರುವುದು" ಅಂತ ಯಾವ ಹೆಂಗಸೂ ತಾನಾಗಿ ಹೇಳುವುದಿಲ್ಲ. ಹೆಂಗಸರೇ ಹೆಂಗಸರನ್ನು, ಗಂಡಸರು ಹೊರಗೆ ಹೋದ ಮೇಲೆ ಕೇಳಬೇಕು. ಹತ್ತು ಅಡಿ ಖೋಲಿಯಲ್ಲಿ ಅದು ಸುಲಭ ಅಲ್ಲ. ನಮ್ಮ ತಂಡದ ಹುಡುಗಿಯರು ನಳದ ಹತ್ತಿರ, ನೀರು ಬರುವ ಹೊತ್ತಿಗೆ ಹೋಗಿ "ಆಮೇಲೆ ಮನೆಗೆ ಬರ್ತೀವಿ" ಅಂತ ಹೊತ್ತು ಗೊತ್ತು ಮಾಡಿಕೊಳ್ಳುತ್ತಿದ್ದರು.

ಒಬ್ಬರೇ ಮನೆ ಮಂದಿಯೆಲ್ಲರ ಬಗ್ಗೆ ಹೇಳಿದರೆ ತಪ್ಪುತ್ತದೆ. ಅತ್ತೆಯ ಮೂಲವ್ಯಾಧಿ ಸೊಸೆಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಎಲ್ಲರ ಪಟ್ಟಿ ಮಾಡಿ, ಚೀಟಿ ಎತ್ತಿ ಇಬ್ಬರನ್ನು ಆರಿಸಿ, ಅವರನ್ನೇ ಕೇಳಿ. ಮಗುವಾದರೆ ತಾಯಿಯನ್ನು.

"ಕಳೆದ 12 ತಿಂಗಳು" ಅನ್ನುವುದು ಯಾರ ತಲೆಯಲ್ಲೂ ಇರುವುದಿಲ್ಲ. "ಹೋದ ವರ್ಷದ ಗಣಪತಿಯಿಂದ ಈಚೆಗೆ" ಅನ್ನಿ. ಕಳೆದ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅದನ್ನೂ ಕೇಳಿ. ಹೊಟ್ಟೆನೋವು, ಪೆಟ್ಟು, ಹೆರಿಗೆ, ಗಂಟು ಇತ್ತೇ ಎಂದು ಕೇಳಿ. ಆಪರೇಷನ್ ಸಿಗದೆ ಸತ್ತವರು ಬಾಗಿಲು ತೆರೆದು ಉತ್ತರ ಕೊಡಲಾರರು, ಅವರ ಪರವಾಗಿ ಇದೊಂದೇ ಪ್ರಶ್ನೆ.

ಕೊನೆಗೆ ಒಂದು ಖಾನೆ ನೀವೇ ಸೇರಿಸಬೇಕು. ಸಿದ್ಧ ಪ್ರಶ್ನಾವಳಿಗಳಲ್ಲಿ "ಯಾಕೆ ಮಾಡಿಸಲಿಲ್ಲ" ಎಂಬುದಕ್ಕೆ ದುಡ್ಡಿಲ್ಲ, ದೂರ, ಭಯ, ಸಮಯವಿಲ್ಲ ಎಂಬ ಉತ್ತರಗಳಿರುತ್ತವೆ. ನಮ್ಮ ಜನರ ಉತ್ತರ ಅದರಲ್ಲಿ ಇಲ್ಲ: "ಊರಿಗೆ ಹೋಗಿ ಮಾಡಿಸ್ತೀನಿ." ಇದು ಕೆಲವರಿಗೆ ನಿಜವಾದ ಯೋಜನೆ, ಕೆಲವರಿಗೆ ಮುಂದೂಡುವ ನೆಪ. ಎರಡನ್ನೂ ಬೇರೆ ಮಾಡಲು ಒಂದೇ ಉಪಪ್ರಶ್ನೆ ಸಾಕು: ಯಾವ ತಿಂಗಳು, ಯಾವ ಆಸ್ಪತ್ರೆ? ಉತ್ತರ ಬಂದರೆ ಯೋಜನೆ. "ನೋಡೋಣ" ಅಂದರೆ ನೆಪ.

ಬರೆದುಕೊಳ್ಳಲು ಕೋಬೋ ಟೂಲ್‌ಬಾಕ್ಸ್ ಎಂಬ ಉಚಿತ ಆ್ಯಪ್ ಸಾಕು. ಕನ್ನಡದಲ್ಲಿ ಪ್ರಶ್ನೆ ಹಾಕಬಹುದು, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ನಿಜವಾದ ಸರ್ವೆಗೆ ಮೊದಲು ಬೇರೆ ಗಲ್ಲಿಯ ಇಪ್ಪತ್ತು ಮನೆಯಲ್ಲಿ ಪರೀಕ್ಷೆ ಮಾಡಿ.

ಹೆಜ್ಜೆ 4: ಗಡಿಯಾರ ಹಿಡಿಯಿರಿ

ತಡ ಮೂರು ಥರ. ತಾಯಂದಿರ ಸಾವಿನ ಬಗ್ಗೆ 1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ಇಬ್ಬರು ಬರೆದ ಮೇಲೆ ಎಲ್ಲರೂ ಹೀಗೇ ಎಣಿಸುತ್ತಾರೆ: ಹೋಗಬೇಕು ಎಂದು ನಿರ್ಧರಿಸುವ ತಡ, ಮುಟ್ಟುವ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವ ತಡ. ಆಯೋಗದ "ಎರಡು ಗಂಟೆ" ನಡುವಿನ ತಡವನ್ನು ಮಾತ್ರ ಹಿಡಿಯುತ್ತದೆ. ಹಳ್ಳಿಯಲ್ಲಿ ಅದೇ ದೊಡ್ಡದು. ಮುಂಬೈಯಲ್ಲಿ ಮೊದಲನೆಯದೂ ಮೂರನೆಯದೂ ಜನರನ್ನು ತಿನ್ನುತ್ತವೆ. ಆದ್ದರಿಂದ ಎರಡು ಗಂಟೆಯ ಸೂಚಕದಲ್ಲಿ ಈ ಊರು ಸುಲಭವಾಗಿ ಪಾಸಾಗುತ್ತದೆ. ಆ ಅಂಕ ನೋಡಿ ಮೋಸ ಹೋಗಬೇಡಿ.

ಹಾಗಂತ ರಸ್ತೆ ಅಳೆಯದೆ ಬಿಡಬೇಡಿ. ಫೋನಿನ ನಕಾಶೆ ಮುಖ್ಯ ರಸ್ತೆಯಿಂದ ಲೆಕ್ಕ ಹಾಕುತ್ತದೆ, ಖೋಲಿಯಿಂದ ಅಲ್ಲ. ನಾವು ಮಾನ್‌ಖುರ್ದಿನಿಂದ ಸಯನ್ ಆಸ್ಪತ್ರೆಗೆ ನಾವೇ ಹೋಗಿ ನೋಡಿದೆವು. ಮಧ್ಯಾಹ್ನ ಅರ್ಧ ಗಂಟೆಯೊಳಗೆ ಮುಟ್ಟಿದೆವು, ಸಂಜೆ ಏಳಕ್ಕೆ ಹೊರಟರೆ ಒಂದು ಗಂಟೆ ದಾಟಿತು. ಗಲ್ಲಿಯ ಒಳಗಿನದು ಬೇರೆ ಲೆಕ್ಕ. ಎದುರಿಂದ ಒಬ್ಬರು ಬಂದರೆ ಗೋಡೆಗೆ ಒರಗಿ ನಿಲ್ಲಬೇಕಾದ ಗಲ್ಲಿಯಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ. ರೋಗಿಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ನಾಲ್ಕು ಜನ ಎತ್ತಿಕೊಂಡು ರಸ್ತೆಗೆ ತರುತ್ತಾರೆ, 108 ಅಲ್ಲಿ ನಿಂತಿರುತ್ತದೆ. ಒಂದು ಕುರ್ಚಿಯ ಮೇಲೆ ನಿಮ್ಮಲ್ಲೇ ಒಬ್ಬರನ್ನು ಕೂರಿಸಿ ಎತ್ತಿಕೊಂಡು ನಡೆದು ನೋಡಿ, ಎಷ್ಟು ನಿಮಿಷ ಅಂತ ಬರೆಯಿರಿ. ಮಕ್ಕಳು ನಗುತ್ತಾರೆ, ನಗಲಿ. ಮಳೆಗಾಲದಲ್ಲಿ ಹಿಂದ್ಮಾತಾ, ಕಿಂಗ್ಸ್ ಸರ್ಕಲ್ ಕಡೆ ನೀರು ನಿಂತ ದಿನ ಮತ್ತೊಮ್ಮೆ ಅಳೆಯಿರಿ.

ಆಪರೇಷನ್ ಆದ ಪ್ರತಿಯೊಬ್ಬರಿಂದಲೂ ಒಂದು ಸಾಲು ಹೊತ್ತು ಬರೆದುಕೊಳ್ಳಿ: ನೋವು ಶುರುವಾದದ್ದು, ಮೊದಲು ಗಲ್ಲಿಯ ಡಾಕ್ಟರಿಗೆ ತೋರಿಸಿದ್ದು, ದೊಡ್ಡ ಆಸ್ಪತ್ರೆಯ ಬಾಗಿಲು, ಕೇಸ್ ಪೇಪರ್, ಸೋನೋಗ್ರಫಿ, ಭರ್ತಿ, ಓಟಿ (ಆಪರೇಷನ್ ಥಿಯೇಟರ್). ಯಾವ ಎರಡು ಬಿಂದುಗಳ ನಡುವೆ ಜಾಸ್ತಿ ದಿನ ಹೋಯಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. "ಬೆಡ್ ಇಲ್ಲ, ಮುಂದಿನ ವಾರ ಬಾ" ಅಂತ ಎಷ್ಟು ಸಲ ವಾಪಸ್ ಕಳಿಸಿದರು ಅಂತಲೂ ಕೇಳಿ. ದಿನಗೂಲಿಯವರಿಗೆ ಒಂದೊಂದು ಸಲಕ್ಕೂ ಒಂದು ದಿನದ ಕೂಲಿ ಹೋಗುತ್ತದೆ.

ಸರಾಸರಿ ತೆಗೆಯಬೇಡಿ. ಒಬ್ಬರು 400 ದಿನ ಕಾದರೆ ಸರಾಸರಿ ಕೆಡುತ್ತದೆ. ಎಲ್ಲರನ್ನೂ ಕಾದ ದಿನದ ಪ್ರಕಾರ ಸಾಲಾಗಿ ನಿಲ್ಲಿಸಿ, ನಡುವೆ ಇರುವವರ ದಿನ ಬರೆಯಿರಿ.

ಹೆಜ್ಜೆ 5: ಆಸ್ಪತ್ರೆಗೆ ಹೋಗಿ, ರಾತ್ರಿ ಹೋಗಿ

ಯಾವುದು "ಸರಿಯಾದ ಆಸ್ಪತ್ರೆ"? ಆಯೋಗ ಮೂರು ಆಪರೇಷನ್ ಹೇಳುತ್ತದೆ: ಸಿಜೇರಿಯನ್, ಹೊಟ್ಟೆ ತೆರೆದು ಮಾಡುವ ಆಪರೇಷನ್, ಮೂಳೆ ಹೊರಗೆ ಬಂದ ಮುರಿತದ ಚಿಕಿತ್ಸೆ. ಈ ಮೂರು ಮಾಡುವವರು ಸಾಮಾನ್ಯವಾಗಿ ಉಳಿದವನ್ನೂ ಮಾಡಬಲ್ಲರು. "ಮಾಡುತ್ತೀರಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಕಳೆದ ತಿಂಗಳು ರಾತ್ರಿ ಹತ್ತರಿಂದ ಬೆಳಗ್ಗೆ ಆರರೊಳಗೆ ಎಷ್ಟು ಮಾಡಿದಿರಿ?" ಅಂತ ಕೇಳಿ. ಆಗ ಪಟ್ಟಿ ಚಿಕ್ಕದಾಗುತ್ತದೆ.

ರಕ್ತ ಎಷ್ಟು ಹೊತ್ತಿನಲ್ಲಿ ಸಿಗುತ್ತದೆ, ಆಮ್ಲಜನಕ ಹೇಗಿದೆ, ಕರೆಂಟ್ ಹೋದರೆ ಏನು, ಪ್ರತಿ ಟೇಬಲಿಗೂ ಪಲ್ಸ್ ಆಕ್ಸಿಮೀಟರ್ ಇದೆಯಾ ಎಂದು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಾ ಪಟ್ಟಿಯನ್ನೂ ಕೇಳಿ. 19 ಅಂಶಗಳ ಒಂದೇ ಹಾಳೆ ಅದು. ಅರಿವಳಿಕೆ ಕೊಡುವ ಮೊದಲು, ಕೊಯ್ಯುವ ಮೊದಲು, ಓಟಿಯಿಂದ ಹೊರಡುವ ಮೊದಲು ಗಟ್ಟಿಯಾಗಿ ಓದಬೇಕು. 2009ರಲ್ಲಿ ದಿಲ್ಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಒಂದೇ ಹಾಳೆ! ಆದರೆ ಹತ್ತು ಕೇಸಿನ ಹಾಳೆಗಳನ್ನು ಸಂಜೆ ಒಟ್ಟಿಗೆ ಟಿಕ್ ಹಾಕುವುದನ್ನು ನಾನೇ ಒಂದು ಕಡೆ ಕಂಡಿದ್ದೇನೆ. ಒಂದೇ ಪೆನ್ನು, ಒಂದೇ ಓರೆ, ಹತ್ತು ಹಾಳೆ. ಹಾಳೆ ಇದೆ ಅನ್ನುವುದನ್ನು ಬರೆಯಬೇಡಿ, ಓದಿದ್ದನ್ನು ಕೇಳಿಸಿಕೊಂಡಿದ್ದರೆ ಮಾತ್ರ ಬರೆಯಿರಿ.

ಒಳಗೆ ಬಿಡದಿದ್ದರೆ? ಸರಕಾರಿ ಮತ್ತು ಪಾಲಿಕೆ ಆಸ್ಪತ್ರೆಗಳ ಸಂಖ್ಯೆಗಳಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ರೋಗಿಗಳ ಹೆಸರು ಕೇಳಬೇಡಿ, ತಿಂಗಳವಾರು ಒಟ್ಟು ಕೇಳಿ.

ಹೆಜ್ಜೆ 6: ಆಪರೇಷನ್ ಎಣಿಸುವಾಗ ಭಾಗಿಸುವ ಸಂಖ್ಯೆ ನೋಡಿಕೊಳ್ಳಿ

ಓಟಿ ರಿಜಿಸ್ಟರಿನ ಸಂಖ್ಯೆಯನ್ನು ವಾರ್ಡಿನ ಜನಸಂಖ್ಯೆಯಿಂದ ಭಾಗಿಸಿದರೆ ಅಧ್ವಾನ. ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಿಗೆ ಕೊಂಕಣ, ಠಾಣೆ, ಉತ್ತರ ಪ್ರದೇಶ, ನಮ್ಮ ಕರ್ನಾಟಕ ಎಲ್ಲ ಕಡೆಯಿಂದ ರೋಗಿಗಳು ಬರುತ್ತಾರೆ. ಮೇಲೆ ಅವರನ್ನೆಲ್ಲ ಎಣಿಸಿ ಕೆಳಗೆ ಬರೀ ಮುಂಬೈಯವರನ್ನು ಇಟ್ಟರೆ ಊರು ಸ್ವರ್ಗದಂತೆ ಕಾಣುತ್ತದೆ.

ನಮ್ಮ ಬಸ್ತಿಯಲ್ಲಿ ತಪ್ಪು ಇನ್ನೊಂದು ಕಡೆಯಿಂದ ಬರುತ್ತದೆ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಸಿಜೇರಿಯನ್ ಆದದ್ದು ಜೇವರ್ಗಿಯ ಲೆಕ್ಕಕ್ಕೆ, ಅವಳು ಧಾರಾವಿಯ ಲೆಕ್ಕಕ್ಕೆ. ಆದ್ದರಿಂದ ಮನೆಯಲ್ಲೇ ಕೇಳಿ, ಎಲ್ಲಿ ಆಯಿತು ಎಂದು ಬರೆಯಿರಿ: ಮುಂಬೈ, ಊರು, ನಡುವೆ ಸೊಲ್ಲಾಪುರ ಅಥವಾ ಮಿರಜ್. ಮಿರಜ್ ಆಸ್ಪತ್ರೆಗಳ ಮೇಲೆ ನಮ್ಮವರಿಗೆ ಇರುವ ನಂಬಿಕೆ ನಿಮಗೆ ಗೊತ್ತಲ್ಲ.

ಎಷ್ಟಿದ್ದರೆ ಸಾಕು? 5,000 ಅನ್ನುವುದು ಜಗತ್ತಿನ ಗುರಿ. ಮುಂಬೈಯಲ್ಲೇ, ಚಿಕಿತ್ಸೆಗೆ ಕೈಯಿಂದ ದುಡ್ಡು ಕೊಡಬೇಕಿಲ್ಲದ ಸರಕಾರಿ ನೌಕರ ಕುಟುಂಬಗಳ ಸುಮಾರು 88 ಸಾವಿರ ಜನರ ದಾಖಲೆ ನೋಡಿದ ಅಧ್ಯಯನವೊಂದು, ದೇಶದ ವಯಸ್ಸಿನ ಹಂಚಿಕೆಗೆ ಹೊಂದಿಸಿ, ಒಂದು ಲಕ್ಷಕ್ಕೆ ವರ್ಷಕ್ಕೆ 3,646 ಎಂದು ಲೆಕ್ಕ ಕೊಟ್ಟಿದೆ. ಮೊದಲ ಸ್ಥಾನ ಕಣ್ಣಿನ ಪೊರೆಗೆ. ನನಗೆ ಇದು ಹೆಚ್ಚು ಹತ್ತಿರದ ಅಳತೆ ಅನಿಸುತ್ತದೆ. ದುಡ್ಡಿನ ಅಡ್ಡಿ ಇಲ್ಲದಿದ್ದರೆ ಇದೇ ಊರಿನ ಜನ ಎಷ್ಟು ಆಪರೇಷನ್ ಮಾಡಿಸಿಕೊಳ್ಳುತ್ತಾರೆ ಅನ್ನುವುದನ್ನು ಅದು ಹೇಳುತ್ತದೆ.

ಸಂಖ್ಯೆ ಜಾಸ್ತಿ ಇದ್ದರೆ ಒಳ್ಳೆಯದು ಅಂತಲೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ಶೇ 47.4 ಸಿಜೇರಿಯನ್, ಸರಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಹೆಂಗಸರ ಮೈ ಎರಡು ಥರ ಇರುತ್ತದೆಯೇ? ಸಿಜೇರಿಯನ್ ಅನ್ನು ಯಾವಾಗಲೂ ಬೇರೆ ಸಾಲಿನಲ್ಲಿ ತೋರಿಸಿ.

ಹೆಜ್ಜೆ 7: ಸಾವಿನ ಲೆಕ್ಕ

ಸೂತ್ರ ಸುಲಭ. ಓಟಿಯಲ್ಲಿ ಆಪರೇಷನ್ ಆಗಿ, ಮನೆಗೆ ಹೋಗುವ ಮೊದಲೇ ತೀರಿಕೊಂಡವರನ್ನು ಒಟ್ಟು ಆಪರೇಷನ್‌ಗಳಿಂದ ಭಾಗಿಸಿ. 400ರಲ್ಲಿ 3 ಅಂದರೆ ಶೇ 0.75. ಅರ್ಥ ಮಾಡಿಕೊಳ್ಳುವುದು ಮಾತ್ರ ಕಷ್ಟ. ಗಂಭೀರ ರೋಗಿಯನ್ನು "ದೊಡ್ಡಾಸ್ಪತ್ರೆಗೆ ಒಯ್ಯಿರಿ" ಅಂತ ಕಳಿಸುವ ನರ್ಸಿಂಗ್ ಹೋಂನಲ್ಲಿ ಸಾವು ಸೊನ್ನೆ. ಅವರನ್ನೆಲ್ಲ ಒಳಗೆ ತೆಗೆದುಕೊಳ್ಳುವ ಪಾಲಿಕೆ ಆಸ್ಪತ್ರೆಯಲ್ಲಿ ಸಾವು ಜಾಸ್ತಿ. ಆದ್ದರಿಂದ ತುರ್ತು ಆಪರೇಷನ್, ದಿನ ಗೊತ್ತು ಮಾಡಿ ಮಾಡಿದ ಆಪರೇಷನ್ ಇವೆರಡನ್ನೂ ಬೇರೆ ಇಡಿ, ಆಸ್ಪತ್ರೆಗಳಿಗೆ ರ್‍ಯಾಂಕ್ ಕೊಡಬೇಡಿ.

ಸೊನ್ನೆಗೂ ಒಂದು ಲೆಕ್ಕವಿದೆ. 150 ಆಪರೇಷನ್‌ನಲ್ಲಿ ಒಂದೂ ಸಾವಿಲ್ಲ ಅಂದರೆ ಅಪಾಯ ಸೊನ್ನೆ ಅಂತ ಅಲ್ಲ. ಸೊನ್ನೆ ಬಂದಾಗ ಯಾವಾಗಲೂ ಮೂರನ್ನು ಒಟ್ಟು ಸಂಖ್ಯೆಯಿಂದ ಭಾಗಿಸುವುದು ವಾಡಿಕೆ. ಇಲ್ಲಿ ಮೂರನ್ನು 150ರಿಂದ ಭಾಗಿಸಿ: ನಿಜವಾದ ಪ್ರಮಾಣ ಶೇ 2ರವರೆಗೂ ಇರಬಹುದು. ಇನ್ನು, ಆಸೆ ಬಿಟ್ಟು ಊರಿಗೆ ಒಯ್ದವರು ರಿಜಿಸ್ಟರಿನಲ್ಲಿ ಬದುಕಿಯೇ ಇರುತ್ತಾರೆ. ನಿಮ್ಮ ಮನೆ ಸರ್ವೆಯಲ್ಲಿ ಆಪರೇಷನ್ ಆದವರನ್ನು 30 ದಿನದ ಮೇಲೆ ಹೇಗಿದ್ದರು ಎಂದು ಕೇಳಿದರೆ ಅಂಥವರು ಸಿಗುತ್ತಾರೆ.

ಹೆಜ್ಜೆ 8: ದುಡ್ಡು

"ಎಷ್ಟು ಖರ್ಚಾಯಿತು?" ಅಂತ ಒಂದೇ ಸಲ ಕೇಳಬೇಡಿ. ಒಂದೊಂದಾಗಿ ಕೇಳಿ: ಡಿಪಾಜಿಟ್, ಹೊರಗಿನಿಂದ ತಂದ ಔಷಧಿ, ಹೊರಗೆ ಮಾಡಿಸಿದ ಸ್ಕ್ಯಾನ್, ರಕ್ತ, ಮೂಳೆಗೆ ಹಾಕಿದ ರಾಡು, ಟ್ಯಾಕ್ಸಿ, ಜೊತೆಗಿದ್ದವರ ಊಟ, ವಾರ್ಡಿನಲ್ಲಿ ಕೈಗೆ ಇಟ್ಟದ್ದು. ಬಿಲ್ಲು ಪ್ಲಾಸ್ಟಿಕ್ ಚೀಲದಲ್ಲಿ, ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ನೋಡಲು ಕೇಳಿ. "ಪುಕ್ಕಟೆ ಆಯ್ತು" ಅಂದ ಮನೆಯೊಂದರಲ್ಲಿ ಅಂಥ ಚೀಲ ಬಿಚ್ಚಿದಾಗ ಔಷಧಿ ಅಂಗಡಿಯ ರಸೀದಿಗಳೇ ಇಪ್ಪತ್ತಮೂರು ಇದ್ದವು.

ಈಗ ಅಳತೆ. ಒಂದು ಮನೆಗೆ ತಿಂಗಳಿಗೆ 18,000 ರೂಪಾಯಿ ಆದಾಯ, ವರ್ಷಕ್ಕೆ 2,16,000 ಎಂದು ಇಟ್ಟುಕೊಳ್ಳಿ. ಆಪರೇಷನ್‌ಗೆ 32,000 ಹೋಯಿತು. ಅದು ವರ್ಷದ ಆದಾಯದ ಶೇ 14.8. ಶೇ 10 ದಾಟಿದರೆ ಮನೆ ಮುರಿಯುವ ಖರ್ಚು ಎಂಬ ಅಳತೆಯಲ್ಲಿ ಈ ಮನೆ ಮುರಿದಿದೆ. ಇನ್ನೊಂದು ಅಳತೆ ಇದೆ: ಹೊಟ್ಟೆಪಾಡಿನ ಖರ್ಚು ಕಳೆದು ಉಳಿದದ್ದರ ಶೇ 40. ಊಟಕ್ಕೆ ತಿಂಗಳಿಗೆ 9,000 ಅಂದರೆ ಉಳಿಯುವುದು ವರ್ಷಕ್ಕೆ 1,08,000, ಅದರಲ್ಲಿ 32,000 ಅಂದರೆ ಶೇ 29.6. ಈ ಅಳತೆಯಲ್ಲಿ ಅದೇ ಮನೆ ಗಟ್ಟಿಯಾಗಿದೆ! ಮೊದಲೇ ಯಾವ ಅಳತೆ ಎಂದು ಬರೆದಿಟ್ಟುಕೊಳ್ಳಿ. ಉತ್ತರ ಬಂದ ಮೇಲೆ ಬೇಕಾದ್ದನ್ನು ಆರಿಸಿದರೆ ಅದು ಅಳತೆ ಅಲ್ಲ.

ಎರಡೂ ಅಳತೆಗೆ ಕಾಣದ ವಿಷಯವೊಂದಿದೆ. 32,000 ಎಲ್ಲಿಂದ ಬಂತು? ಉಳಿತಾಯವೋ, ಭಿಶಿಯೋ (ಚೀಟಿ ಹಣ), ಮುಕಾದಮನ (ಕೂಲಿಯವರನ್ನು ಕರೆತರುವ ಮೇಸ್ತ್ರಿಯ) ಮುಂಗಡವೋ, ಒತ್ತೆ ಇಟ್ಟ ತಾಳಿಯೋ? ಮುಕಾದಮನ ಮುಂಗಡವಾದರೆ ಸಾಲ ತೀರುವವರೆಗೆ ಅವನ ಸೈಟಿನಲ್ಲೇ ದುಡಿಯಬೇಕು. ಕಳೆದುಹೋದ ಕೂಲಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಜೊತೆಗಿದ್ದವರ ಕೂಲಿಯನ್ನೂ. ಆಯೋಗದ ಲೆಕ್ಕದಲ್ಲಿ ಆಪರೇಷನ್ ಬಿಲ್ಲಿನಿಂದ ವರ್ಷಕ್ಕೆ 3.3 ಕೋಟಿ ಜನ ಈ ಹೊಡೆತಕ್ಕೆ ಸಿಕ್ಕರೆ, ಪ್ರಯಾಣ, ಊಟದಂಥ ಬೇರೆ ಖರ್ಚಿನಿಂದ ಇನ್ನೂ 4.8 ಕೋಟಿ ಜನ ಸಿಗುತ್ತಾರೆ.

ಕಾರ್ಡಿನ ಪ್ರಶ್ನೆ ನಮ್ಮವರಿಗೆ ಬಹಳ ಮುಖ್ಯ. ಮಹಾರಾಷ್ಟ್ರದ ಯೋಜನೆ 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಹೆಸರಿನಲ್ಲಿ 8 ಜಿಲ್ಲೆಗಳಲ್ಲಿ ಶುರುವಾಗಿ, 2017ರಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಾಯಿತು. ಅದಕ್ಕೆ ಇಲ್ಲಿನ ರೇಷನ್ ಕಾರ್ಡೋ ರಹವಾಸಿ ದಾಖಲೆಯೋ ಬೇಕು. ನಮ್ಮ ಎಷ್ಟೋ ಜನರ ರೇಷನ್ ಕಾರ್ಡ್ ಊರಲ್ಲಿ, ಅವ್ವನ ಟ್ರಂಕಿನಲ್ಲಿದೆ. 2018ರಲ್ಲಿ ಬಂದ ಆಯುಷ್ಮಾನ್ ಕಾರ್ಡ್, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗಿನದು, ಯಾವ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಾದರೂ ನಡೆಯಬೇಕು. "ಕಾರ್ಡ್ ಇದೆಯಾ?" ಅಂತ ಕೇಳಿ ನಿಲ್ಲಿಸಬೇಡಿ. ಎಲ್ಲಿಯ ಕಾರ್ಡು, ಕೌಂಟರಿನಲ್ಲಿ ತೋರಿಸಿದಿರಾ, ಏನಂದರು, ಕೊನೆಗೆ ನಡೆಯಿತಾ ಎಂದು ನಾಲ್ಕು ಪ್ರಶ್ನೆ ಕೇಳಿ. ಧರ್ಮಾದಾಯ ಟ್ರಸ್ಟ್ ಆಸ್ಪತ್ರೆಗಳಲ್ಲಿ ಶೇ 10 ಬೆಡ್ ಕಡುಬಡವರಿಗೆ ಪುಕ್ಕಟೆ, ಇನ್ನು ಶೇ 10 ದುರ್ಬಲ ವರ್ಗಕ್ಕೆ ರಿಯಾಯಿತಿಯಲ್ಲಿ ಕೊಡಬೇಕು. ಅದು ಗೊತ್ತಿತ್ತಾ, ಕೇಳಿದಿರಾ ಎಂದೂ ಸೇರಿಸಿ.

ಹೆಜ್ಜೆ 9: ಮೆಟ್ಟಿಲು ಕಟ್ಟಿ, ಬಸ್ತಿಗೆ ವಾಪಸ್ ಒಯ್ಯಿರಿ

ಎಲ್ಲ ಸೂಚಕಗಳ ಸರಾಸರಿ ಮಾಡಿ ಒಂದು ಅಂಕ ಕೊಡುವ ಚಪಲ ಬರುತ್ತದೆ. ಬೇಡ. ಮೆಟ್ಟಿಲಿನ ಹಾಗೆ ಇಳಿಯಿರಿ: ಆಪರೇಷನ್ ಬೇಕಾಗಿದ್ದವರು ಎಷ್ಟು, ಅದರಲ್ಲಿ ಡಾಕ್ಟರಿಗೆ ತೋರಿಸಿದವರು ಎಷ್ಟು, ಆಪರೇಷನ್ ಆದವರು, ಹೊತ್ತಿಗೆ ಆದವರು, 30 ದಿನದ ಮೇಲೆ ಚೆನ್ನಾಗಿದ್ದವರು, ಮನೆ ಮುರಿಯದೆ ಆದವರು. ಕೊನೆಯ ಮೆಟ್ಟಿಲಲ್ಲಿ ಉಳಿದವರಿಗೆ ಮಾತ್ರ ಸುರಕ್ಷಿತ, ಕೈಗೆಟುಕುವ ಶಸ್ತ್ರಚಿಕಿತ್ಸೆ ಸಿಕ್ಕಿದೆ. ಯಾವ ಮೆಟ್ಟಿಲಲ್ಲಿ ಜಾಸ್ತಿ ಜನ ಬಿದ್ದರು ಅನ್ನುವುದೇ ನಿಮ್ಮ ಉತ್ತರ. ಹೆಂಗಸರು ಗಂಡಸರು, ಖೋಲಿ ಇರುವವರು ಸೈಟಿನವರು, ಇಲ್ಲಿನ ಕಾರ್ಡು ಊರಿನ ಕಾರ್ಡು ಎಂದು ಬೇರೆ ಮಾಡಿಯೂ ನೋಡಿ. ಗುಂಪಿನಲ್ಲಿ ಮೂವತ್ತಕ್ಕಿಂತ ಕಡಿಮೆ ಜನ ಇದ್ದರೆ ಶೇಕಡಾ ಬರೆಯಬೇಡಿ, "17ರಲ್ಲಿ 6" ಎಂದೇ ಬರೆಯಿರಿ. "ಊರಿಗೆ ಹೋಗಿ ಮಾಡಿಸಿದವರು" ಪ್ರತ್ಯೇಕ ಸಾಲು. ಅವರನ್ನು ಸಿಕ್ಕವರಲ್ಲಿ ಸೇರಿಸಿದರೆ ಎಷ್ಟು, ಸೇರಿಸದಿದ್ದರೆ ಎಷ್ಟು, ಎರಡನ್ನೂ ತೋರಿಸಿ.

ವರದಿ ಎರಡು ಪುಟ ಇರಲಿ, ವಾರ್ಡ್ ಆಫೀಸಿಗೆ ಮರಾಠಿಯಲ್ಲಿ, ಬಸ್ತಿಗೆ ಕನ್ನಡದಲ್ಲಿ. ಮೊದಲು ಬಸ್ತಿಯಲ್ಲಿ ಓದಿ ಹೇಳಿ, ಆಮೇಲೆ ವಾರ್ಡ್ ಆಫೀಸು. ನಾವು ಓದಿದಾಗ ಹಿಂದೆ ಕೂತಿದ್ದ ಆಯಿ ಒಬ್ಬರು ತಡೆದರು: "ಊರಿಗೆ ಹೋಗಿ ಬಂದವರನ್ನ ಎಣಿಸೀರಿ. ಹೋದವರು, ತಿರುಗಿ ಬರದವರು?" ಆಪರೇಷನ್ ಆದ ಮೇಲೆ ಮುಂಬೈ ಕೆಲಸ ಮಾಡಲಾಗದೆ ಊರಲ್ಲೇ ಉಳಿದ ಮೂರು ಮನೆಗಳನ್ನು ಬೆರಳು ಮಡಚಿ ಹೇಳಿದರು. ಆ ಖೋಲಿಗಳಲ್ಲಿ ಈಗ ಬೇರೆಯವರಿದ್ದರು. ನಮ್ಮ ಚೀಟಿಯಲ್ಲಿ ಅವರ ಬಾಗಿಲು ಬಂದರೂ ಅವರು ಬರುತ್ತಿರಲಿಲ್ಲ. ಆದ್ದರಿಂದ ನಿಮ್ಮ ಪ್ರಶ್ನಾವಳಿಯ ಕೊನೆಗೆ ಇದನ್ನೂ ಹಾಕಿಕೊಳ್ಳಿ: "ಹೋದ ಗಣಪತಿಯಿಂದ ಈಚೆಗೆ, ಮೈ ಸರಿಯಿಲ್ಲ ಅಂತ ಊರಿಗೆ ಹೋಗಿ ತಿರುಗಿ ಬರದ ನೆರೆಯವರು ಯಾರಾದರೂ ಇದ್ದಾರಾ?"